ಎಣ್ಣೆ ಕುಡಿದ ಹಗ್ಗ

ಬೆಳಗಿನ ರೊಟ್ಟಿ ಬಡಿದು ಮುಗಿದ ಮೇಲೆ ಬೇಗಂಬಿ ಮನೆಯ ಮುಂದಿನ ಕಟ್ಟೆಗೆ ಬಂದು ಕೂರುತ್ತಾರೆ. ಎಡಕ್ಕೊಂದು, ಬಲಕ್ಕೊಂದು ಗೋಣಿಚೀಲ. ಎಡಗಡೆಯ ಚೀಲದಲ್ಲಿ ಇಪ್ಪತ್ತೈದು ಮಾರು ಹಗ್ಗವಿದೆ. ಅದಷ್ಟೂ ಅವರ ಬೆರಳುಗಳ ನಡುವೆ ಹಾದು ಬಲಗಡೆಯ ಚೀಲಕ್ಕೆ ಇಳಿಯಬೇಕು. ಕಣ್ಣು ಮುಚ್ಚಿರುತ್ತದೆ. ಒಂದು ಎಳೆ ಎದ್ದಿದ್ದರೆ, ಎಲ್ಲಿಯಾದರೂ ಹಗ್ಗ ತೆಳ್ಳಗಾಗಿದ್ದರೆ, ಅಥವಾ ಒಳಗೆ ಗಟ್ಟಿಯಾಗಿದ್ದರೆ ಬೆರಳು ನಿಲ್ಲುತ್ತದೆ. ಬೈಲಹೊಂಗಲದ ಆ ಓಣಿಯಲ್ಲಿ ಈ ಹೊತ್ತಿಗೆ ಅವರನ್ನು ಯಾರೂ ಮಾತಾಡಿಸುವುದಿಲ್ಲ, ಎದುರು ಮನೆಯ ಕೃಷ್ಣವ್ವನನ್ನು ಬಿಟ್ಟು.

“ಬೇಗಂಬಿ, ಆ ಹಗ್ಗಾ ಒಂದ ರಾತ್ರಿಗೆ ಕೊಡ. ನಮ್ಮ ಎಮ್ಮಿ ದಾವಣಿ ಹರಕೊಂಡೈತಿ.”

ಬೇಗಂಬಿ ಕಣ್ಣು ತೆರೆಯಲಿಲ್ಲ. “ಎಮ್ಮೀನ ಇಲ್ಲೆ ಕಳಸ. ರಾತ್ರಿ ಪೂರಾ ನಾನ ಹಿಡಕೊಂಡ ಕುಂದ್ರತೇನಿ. ಹಗ್ಗಾ ಕೊಡಾಂಗಿಲ್ಲ.”

“ಏನ ಬಂಗಾರದ್ದೇನವಾ ನಿನ್ನ ಹಗ್ಗಾ?”

“ಬಂಗಾರದ್ದ ಆಗಿದ್ರ ಕೊಡತಿದ್ದೆ. ಬಂಗಾರಕ್ಕ ಯಾರೂ ಜೋತ ಬೀಳಾಂಗಿಲ್ಲ.”

ಕೃಷ್ಣವ್ವ ವರ್ಷಕ್ಕೆ ಎರಡು ಸಲ ಕೇಳುತ್ತಾಳೆ. ಎರಡು ಸಲವೂ ಇದೇ ಉತ್ತರ. ಕೇಳದಿದ್ದರೆ ಬೇಗಂಬಿಗೆ ಬೇಸರವಾದೀತೆಂದು ಅವಳ ಲೆಕ್ಕ.

2004ರ ಬೇಸಿಗೆಯ ಆ ಬೆಳಿಗ್ಗೆ ಹದಿನೇಳನೆಯ ಮಾರಿನಲ್ಲಿ ಬೇಗಂಬಿಯ ಬೆರಳು ನಿಂತಿತು. ಹಿಂದೆ ಹೋಯಿತು, ಮುಂದೆ ಬಂತು, ಮತ್ತೆ ಅಲ್ಲಿಯೇ ನಿಂತಿತು. ಸೆರಗಿನ ತುದಿಯಲ್ಲಿದ್ದ ಕೆಂಪು ದಾರವನ್ನು ಬಿಚ್ಚಿ ಆ ಜಾಗಕ್ಕೆ ಕಟ್ಟಿ, ಉಳಿದ ಎಂಟು ಮಾರನ್ನೂ ಅಷ್ಟೇ ನಿಧಾನವಾಗಿ ಓದಿ ಮುಗಿಸಿದರು.

ಬೇಗಂಬಿ ಮರ ಹತ್ತುವವರಲ್ಲ. ಕರೆಂಟಿನ ತಂತಿಗೆ ತಾಗುವ ಟೊಂಗೆ ಕಡಿಯುವ ತಂಡದ ಹಗ್ಗ ಅವರ ಮನೆಯಲ್ಲಿರುತ್ತದೆ, ಅಷ್ಟೆ. ಗುತ್ತಿಗೆಯ ಕಾಗದದಲ್ಲಿ ಹಗ್ಗದ ನಿರ್ವಹಣೆ ಯಾರದೆಂದು ಬರೆಯುವ ಖಾನೆಯಲ್ಲಿ ಬೇರೆಯವರ ಹೆಸರಿದೆ. ಆ ಖಾನೆಗೆ ಎಸ್ಸೆಸ್ಸೆಲ್ಸಿ ಆಗಿರಬೇಕು.

ಅವರ ತವರು ರಾಮದುರ್ಗದ ಕಡೆಯ ಹಳ್ಳಿ. ಅಪ್ಪ ಬಾವಿ ತೋಡುವವರು. ಹತ್ತು ಮಾರು ಆಳದಲ್ಲಿ ಕಲ್ಲು ಒಡೆಯುವ ಜನರನ್ನು ಹಗ್ಗದಲ್ಲಿ ಇಳಿಸಿ, ಹಗ್ಗದಲ್ಲಿ ಎತ್ತಬೇಕು. ದಿನಾ ಬೆಳಿಗ್ಗೆ ಹಗ್ಗವನ್ನು ಮುಟ್ಟಿ ನೋಡುವ ಕೆಲಸ ಹೆಣ್ಣುಮಕ್ಕಳದು, ಅವರ ಬೆರಳು ಸಣ್ಣವು ಎಂಬ ಕಾರಣಕ್ಕೆ. ಬೇಗಂಬಿಗೆ ಹನ್ನೊಂದು ವರ್ಷವಾಗಿದ್ದಾಗ ಊರಿನವನೊಬ್ಬ ಎಮ್ಮೆ ಕಟ್ಟಲು ಹಗ್ಗ ಒಯ್ದ. ಒಳ್ಳೆಯ ಮನುಷ್ಯ. ಮರುದಿನ ಹಗ್ಗವನ್ನು ತೊಳೆದು, ಒಣಗಿಸಿ, ಸುತ್ತಿ ತಂದುಕೊಟ್ಟ, ಜೊತೆಗೊಂದು ತಂಬಿಗೆ ಮಜ್ಜಿಗೆ. ಹಗ್ಗ ಅಷ್ಟು ಸ್ವಚ್ಛವಾಗಿ ಎಂದೂ ಕಂಡಿರಲಿಲ್ಲವಾದ್ದರಿಂದ ಆ ದಿನ ಯಾರೂ ಮುಟ್ಟಿ ನೋಡಲಿಲ್ಲ. ಎಮ್ಮೆಯ ಗಂಜಲ ಒಳಗಿನ ನಾರನ್ನು ತಿಂದಿತ್ತು. ಬೇಗಂಬಿಯ ಚಿಕ್ಕಪ್ಪ ಅರ್ಧ ಬಾವಿಯಿಂದ ಕೆಳಗೆ ಬಿದ್ದರು. ಬದುಕಿದರು, ಮುಂದಿನ ಮೂವತ್ತು ವರ್ಷ ಕೋಲು ಹಿಡಿದು ನಡೆದರು. ಮಜ್ಜಿಗೆ ಮಾತ್ರ ಚೆನ್ನಾಗಿತ್ತು ಎಂದು ಹೇಳುತ್ತಿದ್ದರು.

ಮದುವೆಯಾಗಿ ಬೈಲಹೊಂಗಲಕ್ಕೆ ಬಂದಾಗ ಅವರಿಗೆ ಸಿಕ್ಕವರು ಬುರಾನಸಾಬ, ಟೊಂಗೆ ಕಡಿಯುವವರು. ದೊಡವಾಡ ರಸ್ತೆಯ ಹುಣಸೆ ಮರಗಳಲ್ಲಿ ಅವರು ಹತ್ತದಿದ್ದದ್ದು ಇಲ್ಲ. ಬರಿಗಾಲು, ಸೊಂಟದಲ್ಲಿ ಟೊಂಗೆ ಕಡಿಯುವ ಬಾಗಿದ ಕತ್ತಿ, ಕೊಯ್ತಾ. ಹಗ್ಗವಿತ್ತು, ಆದರೆ ಅದು ಟೊಂಗೆಗೆ. ಕಡಿದ ಟೊಂಗೆ ಮನೆಯ ಹಂಚಿನ ಮೇಲೆ ಬೀಳದಂತೆ ಕಟ್ಟಿ ಇಳಿಸಲು. ನಿಮಗೂ ಕಟ್ಟಿಕೊಳ್ಳಿ ಎಂದು ಹೆಂಡತಿ ಹೇಳಿದಾಗಲೆಲ್ಲ ಅವರದೊಂದೇ ಮಾತು: “ನನಗ ಹಗ್ಗಾ ಕಟ್ಟಾಕ ನಾ ಏನ ಆಕಳೇನ?” ಮೂವತ್ತು ವರ್ಷದಲ್ಲಿ ಅವರು ಒಮ್ಮೆಯೂ ಬೀಳಲಿಲ್ಲ. ಟೊಂಗೆಗಳೂ ಬೀಳಲಿಲ್ಲ, ಏಕೆಂದರೆ ಹಗ್ಗದ ಕೆಳತುದಿ ಬೇಗಂಬಿಯ ಕೈಯಲ್ಲಿರುತ್ತಿತ್ತು.

2002ರಲ್ಲಿ ವಿದ್ಯುತ್ ಕಂಪನಿ ಹೊಸ ಷರತ್ತು ಹಾಕಿತು. ತಂತಿಯ ಬದಿಯ ಟೊಂಗೆ ಕಡಿಯುವ ಗುತ್ತಿಗೆ ಬೇಕಾದರೆ ಪ್ರತಿ ತಂಡದಲ್ಲಿ ಹಗ್ಗದ ಮೇಲೆ ಮರ ಹತ್ತುವ ತರಬೇತಿ ಪಡೆದ ಒಬ್ಬರಿರಬೇಕು. ತರಬೇತಿಗೆ ಹೋಗಲು ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು. ಗುತ್ತಿಗೆದಾರ ನೀಲಪ್ಪ ತನ್ನ ಜನರನ್ನೆಲ್ಲ ಲೆಕ್ಕ ಹಾಕಿದಾಗ ಪಾಸಾದವರು ಒಬ್ಬರೇ ಇದ್ದರು. ಹಾಜರಿ ಬರೆಯುವ ವಿರೂಪಾಕ್ಷ. ದೊಡವಾಡದವರು, ಮೂವತ್ತಾರು ವರ್ಷ. ಮನೆಯ ಮಾಳಿಗೆಯ ಮೇಲೆ ಜೋಳ ಒಣಹಾಕಲೂ ಹತ್ತದವರು, ತಲೆ ತಿರುಗುತ್ತದೆಂದು.

ಅವರನ್ನೇ ಕಳಿಸಲಾಯಿತು. ಮೂರು ದಿನ ಮಳೆ ಬಂದಿದ್ದರಿಂದ ತರಬೇತಿ ಒಂದು ಶೆಡ್ಡಿನೊಳಗೆ ಕಬ್ಬಿಣದ ಕಂಬದ ಮೇಲೆ ನಡೆಯಿತು. ವಿರೂಪಾಕ್ಷ ಫೋಟೋ ಅಂಟಿಸಿದ ಪ್ರಮಾಣಪತ್ರ, ಕೆಂಪು ಹೆಲ್ಮೆಟ್, ದಪ್ಪ ಬೆಲ್ಟು ಮತ್ತು ನೀಲಿ ಬಿಳಿ ನೈಲಾನ್ ಹಗ್ಗದೊಂದಿಗೆ ಮರಳಿದರು. ಅಂದಿನಿಂದ ಹಾಜರಿ ಪುಸ್ತಕದಲ್ಲಿ ಮರ ಹತ್ತಿದವರು ವಿರೂಪಾಕ್ಷ, ಟೊಂಗೆ ಎಳೆದವರು ಬುರಾನಸಾಬ. ನಾಲ್ಕು ತಿಂಗಳಲ್ಲಿ ವಿರೂಪಾಕ್ಷ ನೂರಾ ಹನ್ನೆರಡು ಮರ ಹತ್ತಿದರೆಂದು ದಾಖಲಾಯಿತು. ರಸ್ತೆಯಲ್ಲಿ ಹೋಗುವವರಿಗೆ ಕಾಣುತ್ತಿದ್ದದ್ದು ಬೇರೆ. ಹೆಲ್ಮೆಟ್ ಕೆಳಗಿತ್ತು, ಬುರಾನಸಾಬರ ತಲೆ ಮೇಲಿತ್ತು.

ಸೆಪ್ಟೆಂಬರಿನಲ್ಲಿ ಕಂಪನಿಯ ಪತ್ರ ಬಂತು. ದಸರೆ ಮುಗಿದ ಎರಡನೆಯ ದಿನ ಅಧಿಕಾರಿಯೊಬ್ಬರು ಬಂದು, ತರಬೇತಾದವರು ಮೂವತ್ತು ಅಡಿ ಹತ್ತಿ ಇಳಿಯುವುದನ್ನು ಕಣ್ಣಾರೆ ನೋಡುತ್ತಾರೆ. ನೀಲಪ್ಪ ವಿರೂಪಾಕ್ಷನನ್ನು ಕರೆದುಕೊಂಡು ಬುರಾನಸಾಬರ ಮನೆಗೆ ಬಂದ.

“ಕಾಕಾ, ಇವಗ ಗಿಡಾ ಹತ್ತೂದ ಕಲಸ್ರಿ. ಇಲ್ಲಂದ್ರ ಗುತ್ತಗಿ ಹೋಕ್ಕೈತಿ. ಆಮ್ಯಾಲ ನಾನೂ ಇಲ್ಲ, ನಿಮ್ಮ ಗಿಡಾನೂ ಇಲ್ಲ.”

ಬುರಾನಸಾಬ ವಿರೂಪಾಕ್ಷನನ್ನು ಕಾಲಿನಿಂದ ತಲೆಯವರೆಗೆ ನೋಡಿದರು. “ಗಿಡಾ ನಾ ತೋರಸತೇನಿ. ಹಗ್ಗದ ಮ್ಯಾಲ ಹತ್ತೂದ ನನಗ ಬರಾಂಗಿಲ್ಲ. ಅದನ್ನ ಅಕೀನ್ನ ಕೇಳ್ರಿ.”

“ಕಾಕಿ ಗಿಡಾ ಹತ್ತತಾರೇನ್ರಿ?” ನೀಲಪ್ಪನಿಗೆ ನಗು ಬಂತು.

“ಹತ್ತಾಂಗಿಲ್ಲ,” ಒಳಗಿನಿಂದ ಬೇಗಂಬಿ ಹೇಳಿದರು. “ಗಿಡಾ ಅಂದ್ರ ಏನ? ಬಾಯಿ ಕೆಳಗ ಮಾಡಿ ಡಬ್ಬ ಹಾಕಿದ ಬಾವಿ. ಬಾವ್ಯಾಗ ಮಂದೀನ ಇಳಸಿದ್ದ ಗೊತ್ತೈತಿ ನನಗ.”

ಮರುದಿನ ವಿರೂಪಾಕ್ಷನ ಹೆಂಡತಿ ನಾಗರತ್ನಾ ದೊಡವಾಡದಿಂದ ಬಸ್ಸು ಹಿಡಿದು ಬಂದು ಬೇಗಂಬಿಯ ಅಡಿಗೆಮನೆಯ ಬಾಗಿಲಲ್ಲಿ ನಿಂತರು. ಗಂಡ ಎಷ್ಟು ಹೆದರುತ್ತಾರೆಂದು ಅವರಿಗೆ ಗೊತ್ತಿತ್ತು, ಗಂಡನಿಗಿಂತ ಚೆನ್ನಾಗಿಯೇ ಗೊತ್ತಿತ್ತು. “ಮ್ಯಾಲ ಹತ್ತಸವರು ಭಾಳ ಮಂದಿ ಅದಾರ್ರಿ ಕಾಕಿ. ಕೆಳಗ ಇಳಸಿ ನನ್ನ ಕೈಯಾಗ ಕೊಡೂದನ್ನ ನಿಮಗ ಬಿಟ್ಟೇನ್ರಿ.”

ಬೇಗಂಬಿ ಆಗಲಿ ಎಂದರು. ಪರೀಕ್ಷೆಗೆ ಉಳಿದಿದ್ದ ಹದಿನೈದು ದಿನದ ಕೆಲಸ ಅದೊಂದೇ ಆಗಿತ್ತು.

ಮೊದಲ ಮೂರು ದಿನ ವಿರೂಪಾಕ್ಷನಿಗೆ ಮರವನ್ನೇ ತೋರಿಸಲಿಲ್ಲ. ಹಗ್ಗವನ್ನು ಚೀಲಕ್ಕೆ ತುಂಬಿಸುವುದು, ತೆಗೆಯುವುದು. ಸುತ್ತಿ ಇಟ್ಟರೆ ಸಿಕ್ಕಾಗುತ್ತದೆ. ತುದಿಯಿಂದ ಹಾಗೇ ಒಳಗೆ ಬಿಡುತ್ತ ಹೋದರೆ ಬಿಟ್ಟಂತೆಯೇ ಹೊರಗೆ ಬರುತ್ತದೆ. ಎರಡನೆಯ ದಿನ ಅವರು ನೆಲದ ಮೇಲಿದ್ದ ಹಗ್ಗವನ್ನು ತುಳಿದು ದಾಟಿದರು. ಬೇಗಂಬಿ ಬಯ್ಯಲಿಲ್ಲ. ಇಪ್ಪತ್ತೈದು ಮಾರನ್ನೂ ಕೈಯಲ್ಲಿ ಮತ್ತೆ ಓದಿಸಿದರು. ಬೂಟಿನಡಿ ಒಂದು ಹರಳು ಇರುತ್ತದೆ, ಹರಳು ಹಗ್ಗದೊಳಗೆ ಹೋಗುತ್ತದೆ, ಒಳಗೇ ಕೂತು ಎಳೆ ಕೊಯ್ಯುತ್ತದೆ. ಹೊರಗಿನಿಂದ ಹಗ್ಗ ನಗುತ್ತಲೇ ಇರುತ್ತದೆ.

ನಾಲ್ಕನೆಯ ದಿನ ಮನೆಯ ಹಿಂದಿನ ಬೇವಿನ ಮರ. ಹಗ್ಗ ಹಾಕುವ ಟೊಂಗೆ ಹಸಿಯಾಗಿರಬೇಕು, ತೊಡೆಯಷ್ಟು ದಪ್ಪವಿರಬೇಕು, ಹಗ್ಗ ಬೊಡ್ಡೆಗೆ ಹತ್ತಿರ ಕೂರಬೇಕು. ಇದು ಬುರಾನಸಾಬರ ಪಾಠ. ಹುಣಸೆಯನ್ನು ನಂಬು, ಬೇವನ್ನು ಕೇಳಿ ನಂಬು, ನುಗ್ಗೆಯ ಹತ್ತಿರ ಹೋಗಲೇಬೇಡ. ಕೊಯ್ತಾ ಇರುವ ಬದಿಗೆ ಹಗ್ಗ ಇರಬಾರದು. ತನ್ನ ಹಗ್ಗವನ್ನು ತಾನೇ ಕಡಿದುಕೊಂಡವರು, ಟೊಂಗೆ ಮುರಿದು ಬಿದ್ದವರಿಗಿಂತ ಹೆಚ್ಚು.

ತರಬೇತಿಯಲ್ಲಿ ವಿರೂಪಾಕ್ಷ ಕಲಿತ ಒಂದು ಗಂಟಿತ್ತು. ಮೇಲಿನಿಂದ ಜೋತು ಬಿದ್ದ ದೊಡ್ಡ ಹಗ್ಗಕ್ಕೆ ಸಣ್ಣ ಹಗ್ಗದ ಕುಣಿಕೆಯನ್ನು ಮೂರು ಸುತ್ತು ಸುತ್ತಿ, ಅದನ್ನು ಬೆಲ್ಟಿಗೆ ಸಿಕ್ಕಿಸುವುದು. ಭಾರ ಬಿಟ್ಟರೆ ಗಂಟು ಬಿಗಿ ಹಿಡಿಯುತ್ತದೆ, ಭಾರ ತೆಗೆದರೆ ಕೈಯಿಂದ ಮೇಲೆ ಸರಿಸಬಹುದು. ಇಡೀ ಮನುಷ್ಯ ಆ ಮೂರು ಸುತ್ತಿನ ಹಿಡಿತದ ಮೇಲೆ ನಿಂತಿರುತ್ತಾನೆ. ಬೇಗಂಬಿ ಗಂಟನ್ನು ನಾಲ್ಕು ದಿನ ಬಿಚ್ಚಿ ಕಟ್ಟಿ ನೋಡಿ, ಒಳ್ಳೆಯದು ಎಂದು ಒಪ್ಪಿದರು. ತಮ್ಮದೊಂದು ನಿಯಮ ಸೇರಿಸಿದರು.

“ತಮ್ಮಾ, ದಿನಾ ಮೊದ್ಲ ಮೊಣಕಾಲೆತ್ತರದಾಗ ಜೋತ ಬೀಳ. ಪೂರಾ ಭಾರ ಬಿಡ. ಅಲ್ಲಿ ಬಿದ್ರ ಪ್ಯಾಂಟ ಹೊಲಸಾಕ್ಕೈತಿ, ಅಷ್ಟ.”

ಹನ್ನೆರಡನೆಯ ದಿನ ವಿರೂಪಾಕ್ಷ ಹುಣಸೆ ಮರದಲ್ಲಿ ಮೂವತ್ತು ಅಡಿ ತಲುಪಿದರು. ಪಕ್ಕದ ಟೊಂಗೆಯ ಮೇಲೆ ಕೂತಿದ್ದ ಬುರಾನಸಾಬ ಕೂಗಿದರು: “ಕಣ್ಣ ತಗಿಯೋ ಮಾರಾಯಾ!”

“ಕಣ್ಣ ತಗದ್ರ ಕೆಳಗ ಕಾಣತೈತ್ರಿ ಕಾಕಾ.”

ಆಗ ದಸರೆ ಬಂತು. ಮಹಾನವಮಿಗೆ ಆಯುಧಪೂಜೆ. ನೇಗಿಲು, ಕುಡಗೋಲು, ಸೈಕಲ್ಲು, ತಕ್ಕಡಿ ಎಲ್ಲದಕ್ಕೂ ಪೂಜೆಯಾಗುವಾಗ ಗಂಡನ ಹೊಸ ಕಸುಬಿನ ಹಗ್ಗಕ್ಕೆ ಆಗದಿದ್ದರೆ ಹೇಗೆ ಎಂದು ನಾಗರತ್ನಾ ಕೇಳಿದರು. ವಿರೂಪಾಕ್ಷ ಹಗ್ಗವನ್ನು ಊರಿಗೆ ಒಯ್ಯುತ್ತೇನೆಂದರು. ಬೇಗಂಬಿಗೆ ಹಗ್ಗ ಮನೆ ಬಿಟ್ಟು ಹೋಗುವುದು ಸರಿಬರಲಿಲ್ಲ. ಆದರೆ ಪೂಜೆಗೆ ಬೇಡ ಎನ್ನುವುದು ಹೇಗೆ? ನೆಲದ ಮೇಲೆ ಇಡಬೇಡಿ, ಬಿಸಿಲಿಗೆ ಹಾಕಬೇಡಿ, ದನಕ್ಕೆ ಕಟ್ಟಬೇಡಿ, ಯಾರಿಗೂ ಕೊಡಬೇಡಿ ಎಂದು ನಾಲ್ಕು ಸಲ ಹೇಳಿ ಕಳಿಸಿದರು. ಹಗ್ಗಕ್ಕೆ ಯಾರೂ ಕೆಟ್ಟದ್ದು ಮಾಡದಂತೆ ಎಲ್ಲ ಹೇಳಿದ್ದರು. ಒಳ್ಳೆಯದು ಮಾಡಬೇಡಿ ಎನ್ನುವುದನ್ನು ಮರೆತಿದ್ದರು.

ನಾಗರತ್ನಾ ಒಕ್ಕಲುತನದ ಮನೆಯ ಮಗಳು. ನೊಗಕ್ಕೆ ಕಟ್ಟುವ ತೊಗಲಿನ ಹಗ್ಗ, ಮಿಣಿಗೆ ವರ್ಷಕ್ಕೊಮ್ಮೆ ಎಣ್ಣೆ ಕುಡಿಸದಿದ್ದರೆ ಅದು ಒಣಗಿ ಸೀಳುತ್ತದೆಂದು ಅಪ್ಪನನ್ನು ನೋಡಿ ಕಲಿತವರು. ಅವರು ನೈಲಾನ್ ಹಗ್ಗವನ್ನು ಮಣೆಯ ಮೇಲಿಟ್ಟು, ವಿಭೂತಿ ಕುಂಕುಮ ಹಚ್ಚಿ, ಹೂವೇರಿಸಿ, ಕಾಯಿ ಒಡೆದರು. ಆಮೇಲೆ ಅರಿವೆಯೊಂದನ್ನು ಕುಸುಬಿ ಎಣ್ಣೆಯಲ್ಲಿ ಅದ್ದಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ, ಒಂದು ಗೇಣೂ ಬಿಡದೆ ತಿಕ್ಕಿದರು. ಆ ಶ್ರದ್ಧೆಯನ್ನು ಬೇಗಂಬಿ ನೋಡಿದ್ದರೆ ಮೆಚ್ಚುತ್ತಿದ್ದರು, ಎಣ್ಣೆಯ ಬಟ್ಟಲು ಕಾಣುವವರೆಗೆ. ಗಂಡ ಎಲ್ಲಿಯೂ ಸಿಕ್ಕಿಕೊಳ್ಳದೆ ಸರಾಗವಾಗಿ ಇಳಿದು ಬರಲಿ ಎಂದು ಬೇಡಿಕೊಂಡರು. ಬೇಡಿಕೆ ಈಡೇರುವಂತೆಯೇ ಇತ್ತು.

ಪರೀಕ್ಷೆಗೆ ಗೊತ್ತು ಮಾಡಿದ್ದು ಸಂಗೊಳ್ಳಿ ರಸ್ತೆಯ ಹುಣಸೆ ಮರ. ವಿರೂಪಾಕ್ಷ ಹಗ್ಗದ ಚೀಲದೊಂದಿಗೆ ದೊಡವಾಡದ ಬಸ್ಸಿನಿಂದ ನೇರವಾಗಿ ಅಲ್ಲಿಗೇ ಬಂದರು, ನಾಗರತ್ನಾ ಜೊತೆಗಿದ್ದರು. ಅಧಿಕಾರಿ ಜೀಪಿನಲ್ಲಿ ಬಂದರು. ಮಧ್ಯಾಹ್ನದೊಳಗೆ ಸವದತ್ತಿಯಲ್ಲಿ ಅವರಿಗೆ ಇನ್ನೊಂದು ಮರವಿತ್ತು. ಚೀಲದ ಬಾಯಿ ತೆರೆದು ನೋಡಿದರು. ಹಗ್ಗ ಬಿಸಿಲಿಗೆ ಮಿರಿಮಿರಿ ಮಿಂಚಿತು.

“ನೋಡ್ರೀ, ಹಗ್ಗ ಅಂದ್ರೆ ಹೀಗಿಡಬೇಕು,” ಎಂದು ನೀಲಪ್ಪನಿಗೆ ಹೇಳಿ, ಕಾಗದದಲ್ಲಿ ‘ಹಗ್ಗದ ನಿರ್ವಹಣೆ: ಉತ್ತಮ’ ಎಂದು ಬರೆದರು. ನಾಗರತ್ನಾ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡರು.

ಬುರಾನಸಾಬ ಹಗ್ಗದ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬರಿಗಾಲಲ್ಲಿ ಮರ ಹತ್ತಿದರು.

“ಅವರು ಯಾರು? ಹೆಲ್ಮೆಟ್ ಎಲ್ಲಿ?” ಅಧಿಕಾರಿ ಕೇಳಿದರು.

“ಟೊಂಗಿ ಎಳಿಯಾಂವ್ರಿ ಸಾಹೇಬ್ರ,” ನೀಲಪ್ಪ ಹೇಳಿದ. “ಹತ್ತಿಲ್ರಿ ಅಂವ. ಸುಮ್ಮ ಹಗ್ಗಾ ಹಾಕಿ ಬರಾಕ ಹೋಗ್ಯಾನ್ರಿ.”

ಮೂವತ್ತು ಅಡಿ ಮೇಲಿನಿಂದ ಬುರಾನಸಾಬರ ದನಿ ಬಂತು: “ಹಗ್ಗಾ ಯಾಕ ಮೀನ ಜಾರಿದಂಗ ಜಾರಾಕತ್ತೈತಿ?”

ಕೆಳಗೆ ಚೀಲದಿಂದ ಹಗ್ಗ ಬಿಡುತ್ತಿದ್ದ ಬೇಗಂಬಿ ಆಗಲೇ ಕೈ ನಿಲ್ಲಿಸಿದ್ದರು. ಅಂಗೈ ಮಿಂಚುತ್ತಿತ್ತು. ಮೂಗಿನ ಹತ್ತಿರ ತಂದು ನೋಡಿದರು.

“ನಾಗವ್ವಾ, ಕುಸುಬಿ ಎಣ್ಣಿ. ಎಷ್ಟ ಹಾಕೀದಿ?”

“ಅರ್ಧಾ ಲೀಟರ್ರಿ ಕಾಕಿ,” ನಾಗರತ್ನಾ ಅಳುಕಿದರು. “ಕಡಿಮಿ ಆತೇನ್ರಿ?”

ಬುರಾನಸಾಬ ಹಗ್ಗವನ್ನು ಬೊಡ್ಡೆಗೆ ಎರಡು ಸುತ್ತು ಹೆಚ್ಚಿಗೆ ಸುತ್ತಿ ಕಟ್ಟಿ, ಐದು ನಿಮಿಷದಲ್ಲಿ ಇಳಿದು ಬಂದರು. ಈ ಹಗ್ಗದ ಮೇಲೆ ಗಂಟು ಹಿಡಿಯುವುದಿಲ್ಲ ಎಂದು ಬೇಗಂಬಿ ಅಧಿಕಾರಿಗೆ ಹೇಳಿದರು. ಅಧಿಕಾರಿ ಒಳ್ಳೆಯವರೇ. ನಿಯಮದ ಪುಸ್ತಕ ತೆರೆದು, ಬೆರಳಿಟ್ಟು ಎರಡು ಪುಟ ಹುಡುಕಿದರು.

“ಎಣ್ಣೆ ಬಗ್ಗೆ ಇದರಲ್ಲಿ ಏನೂ ಇಲ್ಲಮ್ಮ.”

“ನಮ್ಮ ಟೊಂಗಿ ಇಳಸೂ ಹಗ್ಗಾ ಐತ್ರಿ. ಅದನ್ನ ಹಾಕತೇವಿ.”

“ಕಂಪನಿ ಕೊಟ್ಟದ್ದೇ ಆಗಬೇಕು. ಅದಕ್ಕೆ ನಂಬರ್ ಇರುತ್ತೆ.”

“ಅರಿವ್ಯಾಗ ಒರಸಿದ್ರ ಆತಲ್ರಿ,” ನೀಲಪ್ಪ ನಡುವೆ ಬಂದ.

“ಮೊಣಕಾಲೆತ್ತರ,” ಬೇಗಂಬಿ ಅಂದರು. “ಒಮ್ಮಿ ಅಷ್ಟ.”

ಅಧಿಕಾರಿ ಗಡಿಯಾರ ನೋಡಿ ಎರಡು ನಿಮಿಷ ಕೊಟ್ಟರು. ವಿರೂಪಾಕ್ಷ ಗಂಟು ಹಾಕಿ, ಬೆಲ್ಟಿಗೆ ಸಿಕ್ಕಿಸಿ, ಕಾಲು ಮೇಲೆತ್ತಿ ಭಾರ ಬಿಟ್ಟರು. ಕ್ಷಣ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವರು ಬಾವಿಗೆ ಬಿಟ್ಟ ಕೊಡದ ಹಾಗೆ, ಯಾವ ಗಡಿಬಿಡಿಯೂ ಇಲ್ಲದೆ, ಕೆಳಗಿಳಿದು ನೆಲದ ಮೇಲೆ ಕುಳಿತರು. ಗಂಟು ಇನ್ನೂ ಸರಿಯಾಗಿಯೇ ಇತ್ತು.

ಅಧಿಕಾರಿ ಬರೆದರು: ‘ಇಳಿಯುವಿಕೆ: ಸರಾಗ.’ ತಲೆಯೆತ್ತಿ, “ಹೂಂ, ಇನ್ನು ಹತ್ತಿಸಿ,” ಎಂದರು.

ವಿಚಿತ್ರವೆಂದರೆ ವಿರೂಪಾಕ್ಷ ಸಿದ್ಧರಾಗಿದ್ದರು. ಹದಿನೈದು ದಿನ ಕಣ್ಣು ಮುಚ್ಚಿ ನಡುಗಿದ ಮನುಷ್ಯನಿಗೆ ಅಂದು ಹೆದರಿಕೆಯೇ ಇರಲಿಲ್ಲ. ಎದ್ದು, ಪ್ಯಾಂಟಿನ ಮಣ್ಣು ಕೊಡವಿ, ಗಂಟನ್ನು ತಲೆಯ ಮೇಲಕ್ಕೆ ಸರಿಸಿದರು.

“ಪೂಜಿ ಆಗೇತ್ರಿ ಕಾಕಿ. ಏನೂ ಆಗಾಂಗಿಲ್ಲ. ಹುಷಾರಲೆ ಹತ್ತತೇನಿ.”

“ಹತ್ತ ಹತ್ತ, ಹುಲಿ ಅದಿ ನೀ,” ನೀಲಪ್ಪ ಅಂದ.

“ನುಗ್ಗಿ ಗಿಡಾ ಹತ್ತಸಬ್ಯಾಡ್ರಿ ಅವನ್ನ,” ಎಂದು ಬುರಾನಸಾಬ ಗೊಣಗಿದರು.

ಬೇಗಂಬಿ ವಿರೂಪಾಕ್ಷನ ಬೆಲ್ಟನ್ನು ಹಿಡಿದು ನಿಲ್ಲಿಸಿ, ಅಧಿಕಾರಿಯ ಕಡೆ ತಿರುಗಿದರು. “ಸಾಹೇಬ್ರ, ಎಂಥಾ ಹಗ್ಗಾ ಬ್ಯಾಡ ಅಂತ ಬರದೈತ್ರಿ ನಿಮ್ಮ ಪುಸ್ತಕದಾಗ?”

ಇದು ಪುಸ್ತಕದಲ್ಲಿತ್ತು. ಅಧಿಕಾರಿ ಓದಿದರು: “ಎಳೆ ತುಂಡಾದ ಹಗ್ಗವನ್ನು ಬಳಸತಕ್ಕದ್ದಲ್ಲ. ಅಂಥದ್ದು ಕಂಡುಬಂದಲ್ಲಿ ಪರೀಕ್ಷೆಯನ್ನು ಮುಂದೂಡಿ ಬೇರೆ ಹಗ್ಗವನ್ನು ಒದಗಿಸತಕ್ಕದ್ದು.”

ಬೇಗಂಬಿ ಗಂಡನ ಸೊಂಟದಿಂದ ಕೊಯ್ತಾ ಎಳೆದುಕೊಂಡರು. ಹಗ್ಗವನ್ನು ಎಡಗೈಯಲ್ಲಿ ಹಿಡಿದರು. ಹಿಡಿದ ಜಾಗದಲ್ಲಿ ಕುಂಕುಮ ಇನ್ನೂ ಕೆಂಪಾಗಿತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿ, ಕೊಯ್ತಾದ ಹಿಡಿಯನ್ನು ನಾಗರತ್ನಾ ಕಡೆ ಚಾಚಿದರು.

“ಪೂಜಿ ಮಾಡಿದ್ದನ್ನ ನಾ ಕಡಿಯಾಂಗಿಲ್ಲ ಯವ್ವಾ. ಮಾಡಿದಾಕೀನ ಕಡೀಬೇಕು.”

ನಾಗರತ್ನಾ ಹಗ್ಗ ನೋಡಿದರು, ಗಂಡನ ಪ್ಯಾಂಟಿಗೆ ಮೆತ್ತಿದ ಮಣ್ಣನ್ನು ನೋಡಿದರು. ಕಣ್ಣಂದಾಜಿನಲ್ಲಿ ಮೊಣಕಾಲಿನಿಂದ ಮೂವತ್ತು ಅಡಿಯವರೆಗೆ ಅಳೆದಂತಿತ್ತು. ಹಗ್ಗವನ್ನು ಮುಟ್ಟಿ ಆ ಬೆರಳನ್ನು ಕಣ್ಣಿಗೊತ್ತಿಕೊಂಡು, ಬೊಡ್ಡೆಗೆ ಒತ್ತಿ ಹಿಡಿದು ಕೊಯ್ತಾ ಹಾಕಿದರು. ಮೊದಲ ಏಟು ಎಣ್ಣೆಗೆ ಜಾರಿತು. ಎರಡನೆಯದಕ್ಕೆ ಹಗ್ಗ ಎರಡಾಯಿತು.

“ಏನ ಮಾಡಿದೆವ್ವಾ!” ನೀಲಪ್ಪ ತಲೆಗೆ ಕೈ ಹಚ್ಚಿದ.

ಅಧಿಕಾರಿಯ ಮುಖದಲ್ಲಿ ಮಾತ್ರ ನಿರಾಳ ಕಂಡಿತು. ಬೆಳಗಿನಿಂದ ನಡೆದುದರಲ್ಲಿ ಪುಸ್ತಕಕ್ಕೆ ಹೊಂದಿದ್ದು ಇದೊಂದೇ. ‘ಹಗ್ಗ ತುಂಡಾಗಿದೆ. ಕಾರಣ: ಬಳಕೆ’ ಎಂದು ಬರೆದು, ಎಂಟು ದಿನ ಬಿಟ್ಟು ಹೊಸ ಹಗ್ಗದೊಂದಿಗೆ ಬರುವುದಾಗಿ ಹೇಳಿ ಸವದತ್ತಿಯ ಕಡೆ ಹೊರಟರು. ಮೇಲಿನ ಸಾಲಿನಲ್ಲಿದ್ದ ‘ನಿರ್ವಹಣೆ: ಉತ್ತಮ’ವನ್ನು ಹೊಡೆದು ಹಾಕಲಿಲ್ಲ.

ಎಂಟು ದಿನ ಬಿಟ್ಟು ವಿರೂಪಾಕ್ಷ ಒಣ ಹಗ್ಗದ ಮೇಲೆ ಮೂವತ್ತು ಅಡಿ ಹತ್ತಿದರು. ಹೆದರಿಕೆ ಮರಳಿ ಬಂದಿತ್ತು. ಪ್ರತಿ ಮೊಳಕ್ಕೂ ಗಂಟನ್ನು ಮುಟ್ಟಿ ನೋಡಿದರು, ಕಣ್ಣು ತೆರೆದು ಕೆಳಗೂ ನೋಡಿದರು. ಹತ್ತಿ ಇಳಿಯಲು ನಲವತ್ತೊಂದು ನಿಮಿಷ ಹಿಡಿಯಿತು. ಬೇಗಂಬಿ ಅವರ ಬೆಲ್ಟು ಬಿಚ್ಚಿಸಿ ನಾಗರತ್ನಾಗೆ ಹೇಳಿದರು, “ತಗೋ, ಇಳಸಿ ಕೊಟ್ಟೇನಿ.” ಅಧಿಕಾರಿ ‘ಇಳಿಯುವಿಕೆ: ನಿಧಾನ’ ಎಂದು ಬರೆದು ಪಾಸು ಮಾಡಿದರು.

ಅಂದಿನಿಂದ ಹೊಸ ಹಗ್ಗದ ಚೀಲ ಬೇಗಂಬಿಯ ಮನೆಯ ಗೂಟದಲ್ಲಿದೆ. ಮಹಾನವಮಿಗೆ ನಾಗರತ್ನಾ ಅಲ್ಲಿಗೇ ಬರುತ್ತಾರೆ. ಕುಂಕುಮ ಚೀಲಕ್ಕೆ ಹಚ್ಚುತ್ತಾರೆ, ಹಗ್ಗಕ್ಕಲ್ಲ. ಕಾಯಿಯ ಅರ್ಧ ಹೋಳು ಬೇಗಂಬಿಯ ಅಡಿಗೆಗೆ ಹೋಗುತ್ತದೆ. ಕಳೆದ ಮಳೆಗಾಲದಿಂದ ಬುರಾನಸಾಬರ ಮೊಣಕಾಲು ಮಾತು ಕೇಳುತ್ತಿಲ್ಲ. ಈಗ ನಿಜವಾಗಿಯೂ ವಿರೂಪಾಕ್ಷ ಹತ್ತುತ್ತಾರೆ, ಬುರಾನಸಾಬ ಟೊಂಗೆ ಎಳೆಯುತ್ತಾರೆ. ಒಂದು ವರ್ಷ ತಡವಾಗಿ ಹಾಜರಿ ಪುಸ್ತಕ ಸತ್ಯ ಹೇಳತೊಡಗಿದೆ.

ಹದಿನೇಳನೆಯ ಮಾರಿಗೆ ಕೆಂಪು ದಾರ ಕಟ್ಟಿದ ಆ ಬೆಳಿಗ್ಗೆ ವಿರೂಪಾಕ್ಷ ಎಂಟೂವರೆಯ ಬಸ್ಸಿಗೆ ಬಂದರು. ದಾರವನ್ನು ಕಂಡರು, ಆ ಜಾಗವನ್ನು ತಾವೂ ಕಣ್ಣು ಮುಚ್ಚಿ ಮುಟ್ಟಿದರು, ಹೆಲ್ಮೆಟ್ಟನ್ನು ಗೂಟಕ್ಕೆ ಸಿಕ್ಕಿಸಿ ಕಟ್ಟೆಯ ಮೇಲೆ ಕುಳಿತು ಹೊಸ ಹಗ್ಗ ಬೇಕೆಂದು ಕಂಪನಿಗೆ ಅರ್ಜಿ ಬರೆದರು. ಅದು ಬರಲು ಇಪ್ಪತ್ತು ದಿನ ಹಿಡಿಯುತ್ತದೆ. ಅಲ್ಲಿಯವರೆಗೆ ಅವರು ಮರ ಹತ್ತುವುದಿಲ್ಲ. ಬೇಗಂಬಿ ಹಳೆಯ ಹಗ್ಗವನ್ನು ದಾರ ಕಟ್ಟಿದಲ್ಲಿ ಕಡಿದು, ಇನ್ಯಾರೂ ಅದರ ಮೇಲೆ ಹತ್ತದಂತೆ ಉದ್ದದ ತುಂಡನ್ನೂ ಮೂರು ಭಾಗ ಮಾಡಿ, ಎದುರು ಮನೆಯತ್ತ ಕೂಗಿದರು. ಆ ಸಂಜೆಯಿಂದ ಕೃಷ್ಣವ್ವನ ಎಮ್ಮೆ ನೀಲಿ ಬಿಳಿ ಹಗ್ಗದಲ್ಲಿ ಕಟ್ಟಿಸಿಕೊಳ್ಳುತ್ತಿದೆ.